ಲಿಪ್‌ಸ್ಟಿಕ್ ಒರೆಸಿಕೊಂಡು ಮತ ಹಾಕಿದವರು: ಇಟಲಿಯ ಹೆಣ್ಣುಮಕ್ಕಳ ಸಮಾನತೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ಹೆಣ್ಣುಮಕ್ಕಳ ಹಕ್ಕುಗಳ ಬಗ್ಗೆ ಎಲ್ಲಿ ಮಾತು ತೆಗೆದರೂ ನನಗೆ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಕಥೆಯನ್ನೇ ಹೇಳಬೇಕಾಗುತ್ತದೆ.

ಇಟಲಿ ಯುರೋಪಿನ ದೇಶ. ಅಲ್ಲಿ ಸಮಾನತೆ ಎಂದೋ ಬಂದಿರಬೇಕಲ್ಲವೇ?

ಬಂದಿರಲಿಲ್ಲ. ಈ ಪ್ರಶ್ನೆಗೆ ನಾನು ಮೊದಲು ಹೇಳುವುದು ಒಂದು ಇಸವಿ: 1981. ಆ ವರ್ಷದ ಆಗಸ್ಟ್ ತಿಂಗಳ ತನಕ ಇಟಲಿಯ ದಂಡಸಂಹಿತೆಯಲ್ಲಿ 587ನೇ ಕಲಮು ಇತ್ತು. ಸಂಗಾತಿ, ಮಗಳು ಅಥವಾ ಸಹೋದರಿ ಪರರೊಂದಿಗೆ ಕೂಡಿದ್ದು ಕಣ್ಣಿಗೆ ಬಿದ್ದು, ರೋಷದಲ್ಲಿ ಕೊಂದವರಿಗೆ 3ರಿಂದ 7 ವರ್ಷ ಸಜೆ. ಉಳಿದ ಕೊಲೆಗಳಿಗೆ ಕನಿಷ್ಠ 21 ವರ್ಷ. 'ಸಂಗಾತಿ' ಎಂಬ ಪದ ಗಂಡು ಹೆಣ್ಣು ಇಬ್ಬರಿಗೂ ಸಲ್ಲುತ್ತದೆಯಲ್ಲ ಎಂದು ವಾದಿಸುವವರು ಆ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ಅದರಲ್ಲಿ ಮಗಳಿದ್ದಾಳೆ, ಮಗನಿಲ್ಲ. ಸಹೋದರಿ ಇದ್ದಾಳೆ, ಸಹೋದರನಿಲ್ಲ.

ನಮ್ಮ ಪತ್ರಿಕೆಗಳು ಇಂಥದ್ದನ್ನು 'ಮರ್ಯಾದೆಗೇಡು ಹತ್ಯೆ' ಎಂದು ಬರೆಯುವ ರೂಢಿ ಮಾಡಿಕೊಂಡಿವೆ. ಇಟಲಿಯವರು ಇದನ್ನು 'ಮರ್ಯಾದೆಯ ಅಪರಾಧ' ಎಂದೇ ಕರೆಯುತ್ತಿದ್ದರು. ಆ ಕಲಮು ರದ್ದಾದ ವರ್ಷ ನಾನು ಒಂದನೇ ತರಗತಿಯಲ್ಲಿ ಸ್ಲೇಟು ಹಿಡಿದಿದ್ದೆ. ಅಷ್ಟು ಈಚಿನ ಮಾತಿದು.

ಗಂಡು ಹೆಣ್ಣು ಸಮಾನರೆಂದು ಸಾರಿದ ಸಂವಿಧಾನ ಜಾರಿಗೆ ಬಂದದ್ದು 1948ರ ಜನವರಿ 1ರಂದು. ನಡುವಿನ 33 ವರ್ಷ ಸಂವಿಧಾನವೂ ಹಳೆಯ ದಂಡಸಂಹಿತೆಯೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕೂತಿದ್ದವು. ಇಲ್ಲಿನ ಬಹುತೇಕ ಉತ್ತರಗಳು ಆ ಕಪಾಟಿನ ಕಥೆಯೇ.

ದೇಶ ಒಂದುಗೂಡಿದಾಗ ಹೆಣ್ಣುಮಕ್ಕಳಿಗೆ ಏನು ಸಿಕ್ಕಿತು?

ಇದ್ದದ್ದೂ ಹೋಯಿತು. ಇಟಲಿ ಒಂದು ರಾಜ್ಯವಾದದ್ದು 1861ರಲ್ಲಿ, ಇಡೀ ದೇಶಕ್ಕೆ ಒಂದೇ ನಾಗರಿಕ ಸಂಹಿತೆ ಬಂದದ್ದು 1865ರಲ್ಲಿ. ಅದರ ಪ್ರಕಾರ ಮದುವೆಯಾದ ಹೆಣ್ಣು ತನ್ನದೇ ಹೊಲ ಮಾರಲು, ಮನೆ ಅಡವಿಡಲು, ಸಾಲ ಎತ್ತಲು, ದಾನ ಕೊಡಲು ಗಂಡನ ಅನುಮತಿ ಬೇಕು. ಇದಕ್ಕೆ 'ಪತಿಯ ಅಧಿಕಾರಪತ್ರ' ಎಂದು ಹೆಸರು. ಅದಕ್ಕೆ ಮುಂಚೆ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಲೊಂಬಾರ್ಡಿ, ವೆನಿಸ್ ಸೀಮೆಯ ಹೆಂಗಸರಿಗೆ ಈ ಕಾಟ ಇರಲಿಲ್ಲ. ಆಸ್ತಿವಂತ ಹೆಂಗಸರು ಪ್ರತಿನಿಧಿಯ ಮೂಲಕ ಸ್ಥಳೀಯ ಚುನಾವಣೆಯಲ್ಲಿ ಮತವನ್ನೂ ಹಾಕಿಸುತ್ತಿದ್ದರು. ಪರಕೀಯರು ಹೋಗಿ ಸ್ವಂತದವರು ಬಂದರು, ಅನುಮತಿ ಕೇಳುವ ಪಾಡೂ ಬಂತು.

ಅಧಿಕಾರಪತ್ರ ರದ್ದಾದದ್ದು 1919ರಲ್ಲಿ, ಮೊದಲ ಮಹಾಯುದ್ಧ ಮುಗಿದ ಮೇಲೆ. ಗಂಡಸರೆಲ್ಲ ಕಂದಕಗಳಲ್ಲಿದ್ದಾಗ ಕಾರ್ಖಾನೆ, ಹೊಲ, ಟ್ರಾಮು ನಡೆಸಿದವರು ಯಾರು ಎಂಬುದನ್ನು ಸಂಸತ್ತು ಕಣ್ಣಾರೆ ಕಂಡಿತ್ತು.

ಮೊದಲ ಮಹಿಳಾ ವಕೀಲರು ಯಾರು?

ಲಿದಿಯಾ ಪೊಯೆತ್. ಆದರೆ 'ಮೊದಲ' ಎಂದು ಹೇಳುವಾಗ ಯಾವ ಇಸವಿ ಬರೆಯಬೇಕು ಎಂಬುದೇ ತೊಡಕು. ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ 1881ರಲ್ಲಿ ಕಾನೂನು ಪದವಿ ಪಡೆದರು. 1883ರ ಆಗಸ್ಟಿನಲ್ಲಿ ವಕೀಲರ ಪಟ್ಟಿಗೆ ಅವರ ಹೆಸರು ಸೇರಿತು. ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಒಟ್ಟು ಮೂರು ತಿಂಗಳ ವಕೀಲಿ.

ಆ ತೀರ್ಪು ಓದುವುದೇ ಒಂದು ಮೋಜು. ಫ್ಯಾಷನ್ನಿನ ಹೆಸರಿನಲ್ಲಿ ಹೆಂಗಸರು ತೊಡುವ ವಿಚಿತ್ರ ಉಡುಪಿನ ಮೇಲೆ ಕರಿ ಗೌನು, ಟೋಪಿ ಹಾಕಿಕೊಂಡರೆ ಹೇಗೆ ಕಾಣುತ್ತದೆ ಎಂದು ನ್ಯಾಯಮೂರ್ತಿಗಳು ಗಂಭೀರವಾಗಿಯೇ ಚಿಂತಿಸಿದ್ದಾರೆ. ಚೆಲುವೆಯಾದ ವಕೀಲೆಯ ಕಕ್ಷಿದಾರ ಗೆದ್ದರೆ ಜನ ನ್ಯಾಯಾಧೀಶರನ್ನೇ ಶಂಕಿಸಿಯಾರು ಎಂಬ ಭಯ ಬೇರೆ. ಅಂದರೆ ನ್ಯಾಯಾಧೀಶರ ಮನಸ್ಸು ಚಂಚಲವಾದರೆ ಮನೆಗೆ ಹೋಗಬೇಕಾದವಳು ವಕೀಲೆ!

ಪೊಯೆತ್ ಮನೆಗೆ ಹೋಗಲಿಲ್ಲ, ಅಣ್ಣನ ವಕೀಲಿ ಕಚೇರಿಗೆ ಹೋದರು. ಅರ್ಜಿ ಅವರು ಬರೆಯುವುದು, ಸಹಿ ಅಣ್ಣ ಹಾಕುವುದು. ಹೀಗೆ 37 ವರ್ಷ ಕಳೆಯಿತು. 1919ರ ಕಾನೂನು ಹೆಂಗಸರಿಗೆ ವೃತ್ತಿಗಳ ಬಾಗಿಲು ತೆರೆದ ಮೇಲೆ, 1920ರಲ್ಲಿ ಅವರ ಹೆಸರು ಮತ್ತೆ ಪಟ್ಟಿ ಸೇರಿತು. ಆಗ ಅವರಿಗೆ 65 ವರ್ಷ, ಉಳಿದವರು ನಿವೃತ್ತರಾಗುವ ವಯಸ್ಸು.

ಮತದಾನದ ಹಕ್ಕಿಗಾಗಿ ಹೋರಾಟವೇ ನಡೆಯಲಿಲ್ಲವೇ?

ನಡೆಯಿತು. ಲಂಡನ್ನಿನಷ್ಟು ಗದ್ದಲದ್ದಲ್ಲ, ಅಷ್ಟೇ. ಅನ್ನಾ ಮರಿಯಾ ಮೊಜ್ಜೋನಿ 1877ರಲ್ಲೇ ಸಂಸತ್ತಿಗೆ ಮನವಿ ಸಲ್ಲಿಸಿದ್ದರು. ನನಗೆ ಹೆಚ್ಚು ಇಷ್ಟವಾದದ್ದು 1906ರ ಪ್ರಸಂಗ. ಆದ್ರಿಯಾಟಿಕ್ ತೀರದ ಸೆನಿಗಾಲಿಯಾ ಸುತ್ತಮುತ್ತಲಿನ ಹತ್ತು ಮಂದಿ ಶಾಲಾ ಶಿಕ್ಷಕಿಯರು ತಮ್ಮ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿ ಎಂದು ಅರ್ಜಿ ಹಾಕಿದರು. ಕಾನೂನಿನಲ್ಲಿ ಹೆಂಗಸರಿಗೆ ಮತವಿಲ್ಲ ಎಂದು ಎಲ್ಲಿ ಬರೆದಿದೆ, ತೋರಿಸಿ ಎಂಬುದು ಅವರ ವಾದ. ಅಂಕೋನಾದ ಮೇಲ್ಮನವಿ ನ್ಯಾಯಾಲಯದ ಅಧ್ಯಕ್ಷ ಲೊದೊವಿಕೊ ಮೊರ್ತಾರಾ ಅವರಿಗೆ ವೈಯಕ್ತಿಕವಾಗಿ ಹೆಂಗಸರ ಮತದಾನದಲ್ಲಿ ಒಲವಿರಲಿಲ್ಲ. ಆದರೂ ಹುಡುಕಿದರು. ಎಲ್ಲೂ ಬರೆದಿರಲಿಲ್ಲ. ಶಿಕ್ಷಕಿಯರ ಪರ ತೀರ್ಪು ಕೊಟ್ಟರು. ಕೆಲವು ತಿಂಗಳು ಆ ಹತ್ತು ಮಂದಿ ಇಟಲಿಯ ಮತದಾರರಾಗಿದ್ದರು. ಆ ಅವಧಿಯಲ್ಲಿ ಚುನಾವಣೆ ಬರಲಿಲ್ಲ, ಮೇಲಿನ ನ್ಯಾಯಾಲಯ ತೀರ್ಪನ್ನು ಬದಿಗೆ ಸರಿಸಿತು.

ಇದೆಲ್ಲ ಓದು ಬಲ್ಲ ಪಟ್ಟಣದ ಹೆಂಗಸರ ಮಾತಾಯಿತು. ಹಳ್ಳಿಯವರ ಗತಿ?

ಒಳ್ಳೆಯ ಪ್ರಶ್ನೆ. ಉತ್ತರ ಇಟಲಿಯ ವೆರ್ಚೆಲ್ಲಿ, ನೊವಾರಾ ಬಯಲುಗಳಲ್ಲಿ ಭತ್ತ ಬೆಳೆಯುತ್ತಾರೆ. ಗದ್ದೆಯಲ್ಲಿ ಕಳೆ ಕೀಳಲು ಪ್ರತಿ ಬೇಸಿಗೆಯಲ್ಲಿ ಬೇರೆ ಬೇರೆ ಊರುಗಳಿಂದ ಹೆಂಗಸರು ಗುಂಪುಗುಂಪಾಗಿ ಬರುತ್ತಿದ್ದರು. ಮೊಣಕಾಲುದ್ದ ನೀರು, ಬಗ್ಗಿದ ಬೆನ್ನು, ಜಿಗಣೆ, ಸೊಳ್ಳೆ, ಮಲೇರಿಯಾ. ಗದ್ದೆಗೆ ಇಳಿದು ಗೊತ್ತಿರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1906ರಲ್ಲಿ ವೆರ್ಚೆಲ್ಲಿಯ ಈ ಕೂಲಿ ಹೆಂಗಸರು ಮುಷ್ಕರ ಹೂಡಿ ಎಂಟು ಗಂಟೆಯ ದುಡಿಮೆಯನ್ನು ಗೆದ್ದರು. ದೇಶದ ಉಳಿದ ಕಾರ್ಮಿಕರಿಗೆ ಎಂಟು ಗಂಟೆ ಎಂಬುದು ಆಗಿನ್ನೂ ಕನಸು.

ಹೊಲದ ಲೆಕ್ಕಾಚಾರದಲ್ಲಿ ಇನ್ನೊಂದು ಅನ್ಯಾಯವಿತ್ತು. ಗಂಡಾಳಿನ ದುಡಿಮೆ 1 ಎಂದಾದರೆ ಹೆಣ್ಣಾಳಿನದು 0.6 ಎಂದು ಹಿಡಿಯುವ ಸೂತ್ರ. ಒಬ್ಬ ಕೃಷಿ ಅರ್ಥಶಾಸ್ತ್ರಜ್ಞರ ಹೆಸರಿನಲ್ಲಿ ಅದು ಸರ್ಕಾರಿ ಮುದ್ರೆ ಹೊತ್ತುಕೊಂಡೇ ಓಡಾಡುತ್ತಿತ್ತು. ಹೋದದ್ದು 1964ರಲ್ಲಿ.

ಮುಸೊಲಿನಿಯ ಕಾಲದಲ್ಲಿ ಏನಾಯಿತು?

ಹೆರುವುದೇ ಹೆಣ್ಣಿನ ದೇಶಸೇವೆ ಎಂದಾಯಿತು. 1925ರಲ್ಲಿ ಕೆಲವು ಹೆಂಗಸರಿಗೆ ಸ್ಥಳೀಯ ಚುನಾವಣೆಯಲ್ಲಿ ಮತ ಕೊಟ್ಟರು, ಮರುವರ್ಷ ಸ್ಥಳೀಯ ಚುನಾವಣೆಗಳನ್ನೇ ಎತ್ತಿಹಾಕಿದರು. ಎಲೆ ಹಾಕಿ ಊಟ ಬಡಿಸದೆ ಕಳಿಸಿದ ಹಾಗೆ. ಪ್ರೌಢಶಾಲೆಯ ಮೇಲ್ದರ್ಜೆಗಳಲ್ಲಿ ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ ಕಲಿಸದಂತೆ ಶಿಕ್ಷಕಿಯರನ್ನು ತಡೆದರು. 1938ರಲ್ಲಿ ಕಚೇರಿ ನೌಕರರಲ್ಲಿ ಹೆಂಗಸರು ನೂರಕ್ಕೆ ಹತ್ತು ಮೀರಬಾರದು ಎಂದು ಆಜ್ಞೆ ಹೊರಡಿಸಿದರು. ಆದರೆ ಆ ಕಾಲದ ದೀರ್ಘಾಯುಷಿ ಕೂಸು ಎಂದರೆ 1930ರ ದಂಡಸಂಹಿತೆ. ಮುಸೊಲಿನಿ 1945ರಲ್ಲಿ ಸತ್ತ, ಅವನ ಮಂತ್ರಿ ರೊಕ್ಕೊ ಬರೆಸಿದ ಕಲಮುಗಳು ಬದುಕಿ ಉಳಿದವು. ಅದರಲ್ಲಿ ಅತ್ಯಾಚಾರವು ಸಾರ್ವಜನಿಕ ನೈತಿಕತೆಯ ವಿರುದ್ಧದ ಅಪರಾಧ, ಗರ್ಭಪಾತವು ಜನಾಂಗದ ಆರೋಗ್ಯದ ವಿರುದ್ಧದ ಅಪರಾಧ. ಹೆಣ್ಣಿನ ಮೈಮೇಲೆ ನಡೆದದ್ದರಲ್ಲಿ ಹೆಣ್ಣಿನ ಹೆಸರೇ ಇಲ್ಲ.

ಮೊದಲ ಬಾರಿ ಮತ ಹಾಕಿದ್ದು ಯಾವಾಗ? ಲಿಪ್‌ಸ್ಟಿಕ್ ಕಥೆ ನಿಜವೇ?

ನಿಜ. ಮತದಾನದ ಹಕ್ಕು ಕೊಟ್ಟ ಆದೇಶ ಹೊರಟದ್ದು 1945ರ ಫೆಬ್ರವರಿ 1ರಂದು, ಉತ್ತರದಲ್ಲಿ ಇನ್ನೂ ಜರ್ಮನ್ ಸೈನಿಕರಿದ್ದಾಗ. ಬೆಟ್ಟದ ಹಾದಿಗಳಲ್ಲಿ ಸೈಕಲ್ ತುಳಿಯುತ್ತ, ತರಕಾರಿ ಬುಟ್ಟಿಯ ಅಡಿಯಲ್ಲಿ ಪತ್ರ, ಮದ್ದುಗುಂಡು ಸಾಗಿಸಿದ ಹುಡುಗಿಯರು ಆ ಚಳಿಗಾಲದಲ್ಲೂ ಸಾಗಿಸುತ್ತಲೇ ಇದ್ದರು. ಜರ್ಮನ್ನರ ಮತ್ತು ಫ್ಯಾಸಿಸ್ಟರ ವಿರುದ್ಧ ಗುಟ್ಟಾಗಿ ಹೋರಾಡಿದ ಪ್ರತಿರೋಧ ಪಡೆಗಳಲ್ಲಿದ್ದ ಹೆಂಗಸರು ಅಧಿಕೃತ ಲೆಕ್ಕದಲ್ಲಿ 35 ಸಾವಿರ. ಮತ ಕೊಟ್ಟದ್ದು ಉಪಕಾರವಲ್ಲ, ಸಾಲ ತೀರಿಸಿದ್ದು ಎಂದು ನಾನು ವಾದಿಸುವುದು ಈ ಕಾರಣಕ್ಕೆ. ಆ ಆದೇಶದಲ್ಲೂ ಒಂದು ಎಡವಟ್ಟು ಇತ್ತು. ಮತ ಹಾಕಬಹುದು ಎಂದರು, ಸ್ಪರ್ಧಿಸಬಹುದು ಎಂದು ಬರೆಯಲು ಮರೆತರು. ಅದಕ್ಕೆ 1946ರ ಮಾರ್ಚ್ ತನಕ ಕಾಯಬೇಕಾಯಿತು.

ಮಾರ್ಚಿನಿಂದಲೇ ಸ್ಥಳೀಯ ಚುನಾವಣೆಗಳು ಶುರುವಾದವು. ಸಾರ್ಡಿನಿಯಾ ದ್ವೀಪದ ಬೊರುತ್ತಾ ಎಂಬ ಪುಟ್ಟ ಊರಿಗೆ ನಿನೆತ್ತಾ ಬಾರ್ತೊಲಿ ಮೇಯರ್ ಆದರು. ಜೂನ್ 2ರಂದು ದೊಡ್ಡ ಮತದಾನ: ರಾಜ ಬೇಕೇ, ಗಣರಾಜ್ಯ ಬೇಕೇ? ಜೊತೆಗೆ ಸಂವಿಧಾನ ಸಭೆಯ ಆಯ್ಕೆ. ಮತಪತ್ರದಲ್ಲಿ ರಾಜಮನೆತನದ ಲಾಂಛನ ಒಂದು ಕಡೆ, ಗಣರಾಜ್ಯದ ಗುರುತಾಗಿ ಕಿರೀಟ ತೊಟ್ಟ ಹೆಣ್ಣಿನ ಮುಖ ಇನ್ನೊಂದು ಕಡೆ. ಮತಪತ್ರದ ಅಂಚಿಗೆ ಅಂಟು ಬಳಿದಿರುತ್ತಿತ್ತು. ನಾಲಿಗೆಯಿಂದ ಒದ್ದೆ ಮಾಡಿ ಮಡಚಿ ಅಂಟಿಸಬೇಕು. ಗುರುತಿನ ಕಲೆ ಇದ್ದ ಮತ ಅಸಿಂಧು. ಮಿಲಾನಿನ ಕೊರ್ಯೆರೆ ದೆಲ್ಲಾ ಸೆರಾ ಪತ್ರಿಕೆ ಮಹಿಳೆಯರಿಗೆ ಬುದ್ಧಿ ಹೇಳಿತು: ಮತಗಟ್ಟೆಗೆ ಲಿಪ್‌ಸ್ಟಿಕ್ ಹಚ್ಚಿಕೊಂಡು ಬರಬೇಡಿ, ಅಂಚಿಗೆ ಬಣ್ಣ ತಾಗಿ ಮತ ಹಾಳಾದೀತು. ಚೀಲದಲ್ಲಿಟ್ಟುಕೊಂಡು ಬನ್ನಿ, ಹೊರಗೆ ಬಂದ ಮೇಲೆ ಹಚ್ಚಿಕೊಳ್ಳಿ.

ಸುಮಾರು 1.3 ಕೋಟಿ ಹೆಂಗಸರು ಮತ ಹಾಕಿದರು. ಗಂಡಸರಿಗಿಂತ ಸುಮಾರು 10 ಲಕ್ಷ ಹೆಚ್ಚು. ಹೆಂಗಸರು ಪಾದ್ರಿ ಹೇಳಿದವರಿಗೆ ಒತ್ತುತ್ತಾರೆ ಎಂದು ಎಡಪಕ್ಷದವರು ಹೆದರಿದ್ದರು, ಮತಗಟ್ಟೆಗೇ ಬರುವುದಿಲ್ಲ ಎಂದು ಇನ್ನು ಕೆಲವರು ನಂಬಿದ್ದರು. ಗೆದ್ದದ್ದು ಗಣರಾಜ್ಯ. ಪತ್ರಿಕೆಯ ಹಾಳೆಗೆ ತೂತು ಮಾಡಿ ಅದರಿಂದ ಮುಖ ತೂರಿಸಿ ನಗುವ ತರುಣಿಯ ಫೋಟೋ ನೀವು ಎಲ್ಲಾದರೂ ನೋಡಿರುತ್ತೀರಿ. ಅದು ಆ ದಿನಗಳದ್ದೇ. ಮೇಲೆ ಹೇಳಿದ ವಕೀಲೆ ಪೊಯೆತ್ ಕೂಡ ಆಗ ಬದುಕಿದ್ದರು. ಅವರಿಗೆ 90 ವರ್ಷ.

ಸಂವಿಧಾನ ಬರೆದವರಲ್ಲಿ ಹೆಂಗಸರಿದ್ದರೇ?

556 ಮಂದಿಯಲ್ಲಿ 21. ಅವರಲ್ಲಿ ಐವರು ಕರಡು ಬರೆದ 75 ಜನರ ಸಮಿತಿಯಲ್ಲಿದ್ದರು. ಮೂರನೇ ವಿಧಿಯಲ್ಲಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ಮಾತಿಗೆ 'ಲಿಂಗಭೇದವಿಲ್ಲದೆ' ಎಂಬುದನ್ನು ಸೇರಿಸಲೇಬೇಕು ಎಂದು ಹಟ ಹಿಡಿದವರು ಸಮಾಜವಾದಿ ಶಿಕ್ಷಕಿ ಲೀನಾ ಮೆರ್ಲಿನ್. 'ಎಲ್ಲರೂ' ಎಂದರೆ ಹೆಂಗಸರೂ ಸೇರಿದ ಹಾಗಲ್ಲವೇ ಎಂದು ಕೇಳುವವರಿಗೆ ಉತ್ತರ ಇತಿಹಾಸದಲ್ಲೇ ಇತ್ತು: ಪೊಯೆತ್ ಪ್ರಕರಣದಲ್ಲೂ, ಹತ್ತು ಶಿಕ್ಷಕಿಯರ ಪ್ರಕರಣದಲ್ಲೂ ನ್ಯಾಯಾಲಯಗಳು 'ಎಲ್ಲರೂ' ಎಂದರೆ ಗಂಡಸರು ಎಂದೇ ಓದಿದ್ದವು. ಸಭೆಯ ಅತಿ ಕಿರಿಯ ಸದಸ್ಯೆ, 25 ವರ್ಷದ ತೆರೇಸಾ ಮಾತ್ತೆಯಿ, ಅದೇ ವಿಧಿಯ ಎರಡನೇ ಭಾಗಕ್ಕೆ 'ವಾಸ್ತವದಲ್ಲಿ' ಎಂಬ ಅರ್ಥದ ಎರಡು ಪುಟ್ಟ ಪದ ಸೇರಿಸಿಸಿದರು. ಸಮಾನತೆಯನ್ನು ವಾಸ್ತವದಲ್ಲಿ ಕಟ್ಟಿಹಾಕುವ ಅಡ್ಡಿಗಳನ್ನು ನಿವಾರಿಸುವುದು ಗಣರಾಜ್ಯದ ಕೆಲಸ ಎಂದಾಯಿತು.

ಮಾರ್ಚ್ 8ರಂದು ಇಟಲಿಯಲ್ಲಿ ಹೆಂಗಸರಿಗೆ ಹಳದಿ ಮಿಮೋಸಾ ಹೂ ಕೊಡುವ ರೂಢಿಯ ಹಿಂದೆಯೂ ಮಾತ್ತೆಯಿ ಇದ್ದಾರೆ. 1946ರಲ್ಲಿ ಯಾವ ಹೂ ಎಂಬ ಚರ್ಚೆ ಬಂದಾಗ ಅವರ ಆಯ್ಕೆ ಇದು. ಆ ಹೊತ್ತಿಗೆ ಬೇಲಿಬದಿಯಲ್ಲೆಲ್ಲ ಅರಳಿರುತ್ತದೆ, ಬಡವರೂ ಕಿತ್ತುಕೊಡಬಹುದು. ಈಗ ಅಂಗಡಿಯವರು ಅದಕ್ಕೂ ರಿಬ್ಬನ್ ಸುತ್ತಿ ಬೆಲೆ ಕಟ್ಟುತ್ತಾರೆ, ಅದು ಬೇರೆ ಮಾತು.

ಸಂವಿಧಾನ ಬಂದ ಮೇಲೆ ಎಲ್ಲ ಸರಿಹೋಯಿತಲ್ಲ?

ಸರಿಹೋಗಲಿಲ್ಲ. ಹೆಂಗಸರು ನ್ಯಾಯಾಧೀಶರಾಗುವಂತಿರಲಿಲ್ಲ. ಹೆಣ್ಣು ಭಾವುಕಳು, ತಿಂಗಳ ಕೆಲವು ದಿನಗಳಲ್ಲಿ ಅವಳ ತೀರ್ಪು ನೆಟ್ಟಗಿರುವುದಿಲ್ಲ ಎಂಬರ್ಥದ ಮಾತುಗಳನ್ನು ದೊಡ್ಡ ದೊಡ್ಡ ಕಾನೂನು ಪಂಡಿತರೇ ಆಡುತ್ತಿದ್ದರು. ರೋಸಾ ಓಲಿವಾ ಎಂಬ ಪದವೀಧರೆ ಜಿಲ್ಲಾಡಳಿತದ ಪರೀಕ್ಷೆಗೆ ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ತಿರಸ್ಕರಿಸಿದರು. ಅವರು ಬಿಡಲಿಲ್ಲ. 1960ರಲ್ಲಿ ಸಂವಿಧಾನ ನ್ಯಾಯಾಲಯ ಅವರ ಪರ ನಿಂತಿತು. 1963ರಲ್ಲಿ, ಸೈನ್ಯದಂಥವನ್ನು ಬಿಟ್ಟರೆ, ಎಲ್ಲ ಸರ್ಕಾರಿ ಹುದ್ದೆಗಳೂ ಹೆಂಗಸರಿಗೆ ತೆರೆದವು. 1965ರಲ್ಲಿ ಮೊದಲ ಎಂಟು ಮಂದಿ ನ್ಯಾಯಾಂಗ ಸೇರಿದರು. ಇಂದು ಇಟಲಿಯ ನ್ಯಾಯಾಧೀಶರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೆಂಗಸರು.

ವ್ಯಭಿಚಾರದ ಕಾನೂನು ಇನ್ನೂ ಸೊಗಸು. ಹೆಂಡತಿ ಒಮ್ಮೆ ಎಡವಿದರೂ ಜೈಲು. ಗಂಡ ಇಟ್ಟುಕೊಂಡವಳನ್ನು ಮನೆಯಲ್ಲೇ ಇರಿಸಿಕೊಂಡರೆ ಅಥವಾ ಊರಿಗೆಲ್ಲ ತಿಳಿಯುವಂತೆ ಬೇರೆಡೆ ಸಂಸಾರ ಹೂಡಿದರೆ ಮಾತ್ರ ಅಪರಾಧ. 1961ರಲ್ಲಿ ಸಂವಿಧಾನ ನ್ಯಾಯಾಲಯ ಇದು ಸರಿಯೇ ಎಂದಿತು. 1968ರಲ್ಲಿ ಅದೇ ನ್ಯಾಯಾಲಯ ಸರಿಯಲ್ಲ ಎಂದಿತು. ಏಳು ವರ್ಷದಲ್ಲಿ ಸಂವಿಧಾನ ಬದಲಾಗಿರಲಿಲ್ಲ, ದೇಶ ಬದಲಾಗಿತ್ತು.

ಫ್ರಾಂಕಾ ವಿಯೋಲಾ ಯಾರು? ಅವರ ಹೆಸರು ಯಾಕೆ ಮತ್ತೆ ಮತ್ತೆ ಬರುತ್ತದೆ?

ಸಿಸಿಲಿಯ ಅಲ್ಕಾಮೊ ಪಟ್ಟಣದ ರೈತನ ಮಗಳು. ಫಿಲಿಪ್ಪೊ ಮೆಲೋದಿಯಾ ಎಂಬವನ ಜೊತೆ ನಿಶ್ಚಿತಾರ್ಥವಾಗಿತ್ತು. ಅವನ ನಡತೆ ಸರಿಯಿಲ್ಲವೆಂದು ಮುರಿದುಕೊಂಡರು. ಅವನು ಬೆದರಿಸಿದ, ಅಪ್ಪನ ದ್ರಾಕ್ಷಿ ತೋಟ ಸುಟ್ಟ. 1965ರ ಡಿಸೆಂಬರ್ 26, ಕ್ರಿಸ್ಮಸ್ಸಿನ ಮರುದಿನ, ಗುಂಪು ಕಟ್ಟಿಕೊಂಡು ಮನೆಗೆ ನುಗ್ಗಿ ಅವರನ್ನು ಎಳೆದೊಯ್ದ. ಅಕ್ಕನನ್ನು ಬಿಗಿಯಾಗಿ ಅಪ್ಪಿಕೊಂಡು ಬಿಡದ ಎಂಟು ವರ್ಷದ ತಮ್ಮನನ್ನೂ ಜೊತೆಗೇ ಹೊತ್ತೊಯ್ದರು. ಫ್ರಾಂಕಾಗೆ ಆಗ 17. ಎಂಟು ದಿನ ಕೂಡಿಹಾಕಿ ಅತ್ಯಾಚಾರ ಮಾಡಿದ.

ಮುಂದಿನದು ಎಲ್ಲರಿಗೂ ಗೊತ್ತಿದ್ದ ಹಾದಿ. 544ನೇ ಕಲಮಿನ ಪ್ರಕಾರ ಅತ್ಯಾಚಾರಿ ಆ ಹೆಣ್ಣನ್ನು ಮದುವೆಯಾದರೆ ಅಪರಾಧವೇ ಅಳಿಸಿಹೋಗುತ್ತಿತ್ತು. ಜೊತೆಗಿದ್ದವರದ್ದೂ. 'ಸರಿಪಡಿಸುವ ಮದುವೆ' ಎಂಬುದು ಅದರ ಹೆಸರು, ಹರಿದ ಅಂಗಿಗೆ ತೇಪೆ ಹಾಕಿದ ಹಾಗೆ. ಸಿಸಿಲಿಯಲ್ಲಿ ಹುಡುಗ ಹುಡುಗಿ ಒಪ್ಪಿ ಓಡಿಹೋಗಿ, ಮನೆಯವರು ಮದುವೆ ಮಾಡಿಸುವುದೂ ಸಾಮಾನ್ಯವಾಗಿತ್ತು. ಆ ಮರೆಯಲ್ಲಿ ಇಂಥ ಅಪಹರಣಗಳೂ ಸರಾಗವಾಗಿ ನಡೆಯುತ್ತಿದ್ದವು. ಮೆಲೋದಿಯಾನ ಕಡೆಯವರು ರಾಜಿಗೆ ಬಂದರು. ಅಪ್ಪ ಬೆರ್ನಾರ್ದೊ ಒಪ್ಪಿದಂತೆ ನಟಿಸಿ ಪೊಲೀಸರಿಗೆ ಸುಳಿವು ಕೊಟ್ಟರು. ಹುಡುಗಿ ಮನೆಗೆ ಬಂದಳು. ಅಪ್ಪ ಮಗಳು ಸೇರಿ ಮದುವೆ ಬೇಡ, ಮೊಕದ್ದಮೆ ಬೇಕು ಎಂದರು.

ಇಡೀ ಊರು ಬೆನ್ನು ತಿರುಗಿಸಿತು. ಮಾನ ಹೋಗುವುದು ಇಂಥದ್ದನ್ನು ಮಾಡಿದವನದು, ಅನುಭವಿಸಿದವಳದಲ್ಲ ಎಂಬುದು ಫ್ರಾಂಕಾ ನಿಲುವು. 1966ರ ಡಿಸೆಂಬರಿನಲ್ಲಿ ತ್ರಾಪಾನಿಯ ನ್ಯಾಯಾಲಯ ಮೆಲೋದಿಯಾಗೆ 11 ವರ್ಷ ಸಜೆ ವಿಧಿಸಿತು. 1968ರಲ್ಲಿ ಫ್ರಾಂಕಾ ತಮ್ಮ ಊರಿನ, ತಾವು ಮೆಚ್ಚಿದ ಹುಡುಗನನ್ನೇ ಮದುವೆಯಾದರು. ರಾಷ್ಟ್ರಾಧ್ಯಕ್ಷರು ಉಡುಗೊರೆ ಕಳಿಸಿದರು, ಪೋಪ್ ಭೇಟಿಗೆ ಅವಕಾಶ ಕೊಟ್ಟರು. ಆದರೆ 544ನೇ ಕಲಮು ಇನ್ನೂ 13 ವರ್ಷ ಬದುಕಿತು. ಉಡುಗೊರೆ ಕಳಿಸುವುದು ಸುಲಭ, ಕಲಮು ತೆಗೆಯುವುದು ಕಷ್ಟ. 2014ರ ಮಾರ್ಚ್ 8ರಂದು ಅವರಿಗೆ ರಾಷ್ಟ್ರ ಗೌರವ ಸಂದಿತು.

ಪೋಪ್ ಇರುವ ನೆಲದಲ್ಲಿ ವಿಚ್ಛೇದನ ಹೇಗೆ ಬಂತು?

ನಿಧಾನವಾಗಿ. ಮೊದಲ ಮಸೂದೆ 1878ರಲ್ಲಿ, ಕಾನೂನು 1970ರ ಡಿಸೆಂಬರ್ 1ರಂದು. ಅದನ್ನು ರದ್ದು ಮಾಡಿಸಲು ಚರ್ಚಿನ ಬೆಂಬಲದಿಂದ ಜನಮತಗಣನೆಯೇ ನಡೆಯಿತು. 1974ರ ಮೇ 12 ಮತ್ತು 13ರಂದು ನೂರಕ್ಕೆ 59 ಮಂದಿ ಕಾನೂನು ಇರಲಿ ಎಂದರು. ಭಾನುವಾರ ಚರ್ಚಿಗೆ ಹೋಗಿ, ಅಲ್ಲಿಂದ ನೇರ ಮತಗಟ್ಟೆಗೆ ಹೋಗಿ, ಪಾದ್ರಿಯ ಮಾತಿಗೆ ವಿರುದ್ಧ ಗುರುತು ಹಾಕಿದವರೂ ಇದರಲ್ಲಿದ್ದಾರೆ. ಮೊದಲು ವಿಚ್ಛೇದನಕ್ಕೆ ಐದು ವರ್ಷ ಬೇರೆ ಬದುಕಿರಬೇಕಿತ್ತು. 2015ರಿಂದ ಒಪ್ಪಿಗೆಯಿದ್ದರೆ ಆರು ತಿಂಗಳು, ಇಲ್ಲದಿದ್ದರೆ ಒಂದು ವರ್ಷ.

ಅಲ್ಲೂ ವರದಕ್ಷಿಣೆ ಇತ್ತಂತೆ?

ಇತ್ತು. 'ದೋತೆ' ಎನ್ನುತ್ತಾರೆ. ಕಾನೂನಿನಲ್ಲೇ ಅದಕ್ಕೆ ಜಾಗವಿತ್ತು: ಹೆಣ್ಣಿನ ಕಡೆಯಿಂದ ಬಂದ ಆಸ್ತಿ, ಉಸ್ತುವಾರಿ ಗಂಡನದ್ದು. 1975ರ ಕುಟುಂಬ ಕಾನೂನು ಅದನ್ನು ತೆಗೆದುಹಾಕಿತು. ನನ್ನ ಲೆಕ್ಕದಲ್ಲಿ ಇಟಲಿಯ ಹೆಂಗಸರ ದಿನನಿತ್ಯದ ಬದುಕನ್ನು ಅತಿ ಹೆಚ್ಚು ಬದಲಿಸಿದ ಕಾನೂನು ಇದೇ, ವಿಚ್ಛೇದನದ್ದಲ್ಲ. ಅಲ್ಲಿಯವರೆಗೆ ಗಂಡ ಮನೆಯ ಯಜಮಾನ ಎಂದು ಕಾನೂನೇ ಹೇಳುತ್ತಿತ್ತು. ಅವನು ಎಲ್ಲಿ ಮನೆ ಮಾಡುತ್ತಾನೋ ಅಲ್ಲಿಗೆ ಹೆಂಡತಿ ಹೋಗಬೇಕು. ಮಕ್ಕಳ ಮೇಲೆ ತಂದೆಯ ಅಧಿಕಾರ. 1975ರ ನಂತರ ಇಬ್ಬರದೂ ಸಮ ಹಕ್ಕು, ಮದುವೆಯ ನಂತರ ಗಳಿಸಿದ್ದರಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಇಬ್ಬರಿಗೂ ಪಾಲು. ಮನೆಯಲ್ಲೇ ದುಡಿದ ಹೆಣ್ಣಿಗೆ ಇದರ ಬೆಲೆ ಗೊತ್ತು.

ಮದುವೆಯಾದ ಮೇಲೆ ಹೆಸರು ಬದಲಿಸಿಕೊಳ್ಳಬೇಕೇ?

ಇಲ್ಲ. ಪಾಸ್‌ಪೋರ್ಟು, ತೆರಿಗೆ ಸಂಖ್ಯೆ, ಆಸ್ಪತ್ರೆ ಚೀಟಿ ಎಲ್ಲದರಲ್ಲೂ ಹುಟ್ಟಿದ ಮನೆಯ ಹೆಸರೇ. ಅಪಾರ್ಟ್‌ಮೆಂಟಿನ ಕರೆಗಂಟೆಯ ಪಕ್ಕ ಎರಡು ಕುಲನಾಮ ಕಂಡರೆ ಅಲ್ಲಿ ಬಾಡಿಗೆಗೆ ಇಬ್ಬರು ಗೆಳೆಯರಿದ್ದಾರೆ ಎಂದುಕೊಳ್ಳಬೇಡಿ, ಗಂಡ ಹೆಂಡತಿಯೇ ಇರಬಹುದು. ಮಕ್ಕಳಿಗೆ ಮಾತ್ರ ತಾನಾಗಿ ತಂದೆಯ ಹೆಸರು ಹೋಗುತ್ತಿತ್ತು. 2022ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನೂ ತಪ್ಪು ಎಂದಿತು. ಈಗ ತಂದೆ ತಾಯಿ ಬೇರೆ ರೀತಿ ಒಪ್ಪದಿದ್ದರೆ ಮಗುವಿಗೆ ಇಬ್ಬರ ಹೆಸರೂ.

ಗರ್ಭಪಾತ ಕಾನೂನುಬದ್ಧವೇ?

1978ರಿಂದ, ಮೊದಲ 90 ದಿನಗಳವರೆಗೆ. 1981ರಲ್ಲಿ ಇದನ್ನೂ ಜನಮತಕ್ಕೆ ಹಾಕಿದರು, ಕಾನೂನು ಉಳಿಯಿತು. ಆದರೆ ಅದೇ ಕಾನೂನಿನ 9ನೇ ವಿಧಿ ವೈದ್ಯರಿಗೆ ಆತ್ಮಸಾಕ್ಷಿಯ ಕಾರಣ ಹೇಳಿ ಹಿಂದೆ ಸರಿಯುವ ಹಕ್ಕು ಕೊಡುತ್ತದೆ. ಸ್ತ್ರೀರೋಗ ತಜ್ಞರಲ್ಲಿ ಹತ್ತಕ್ಕೆ ಆರಕ್ಕಿಂತ ಹೆಚ್ಚು ಮಂದಿ ಅದನ್ನು ಬಳಸುತ್ತಾರೆ. ದಕ್ಷಿಣದ ಕೆಲವು ಕಡೆ ಇನ್ನೂ ಹೆಚ್ಚು. ಹಾಗಾಗಿ ಹಕ್ಕು ಕಾಗದದ ಮೇಲಿದೆ, ವೈದ್ಯರು ಮಾತ್ರ ಪಕ್ಕದ ಜಿಲ್ಲೆಯಲ್ಲಿದ್ದಾರೆ. ಕಾನೂನು ಬಂದರೆ ಗರ್ಭಪಾತ ಹೆಚ್ಚುತ್ತದೆ ಎಂದು ಹೆದರಿದವರಿಗೆ ಒಂದು ಲೆಕ್ಕ: 1982ರಲ್ಲಿ ಸುಮಾರು 2.3 ಲಕ್ಷ, ಈಚಿನ ವರ್ಷಗಳಲ್ಲಿ 65 ಸಾವಿರದ ಆಸುಪಾಸು.

ಜೀನ್ಸ್ ತೀರ್ಪು ಎಂದರೇನು?

ಹಿನ್ನೆಲೆ ಸ್ವಲ್ಪ ಬೇಕು. 1975ರಲ್ಲಿ ರೋಮಿನ ಶ್ರೀಮಂತ ಮನೆಗಳ ಮೂವರು ಯುವಕರು ಇಬ್ಬರು ಹುಡುಗಿಯರನ್ನು ಕಡಲತೀರದ ಬಂಗಲೆಯಲ್ಲಿ ಹಿಂಸಿಸಿ ಒಬ್ಬಳನ್ನು ಕೊಂದರು. ಇನ್ನೊಬ್ಬಳು ಸತ್ತಂತೆ ನಟಿಸಿ ಬದುಕಿದಳು. ದೇಶ ಕುದಿಯಿತು. ಅತ್ಯಾಚಾರವನ್ನು ವ್ಯಕ್ತಿಯ ವಿರುದ್ಧದ ಅಪರಾಧ ಎಂದು ಬರೆಯಿರಿ ಎಂದು ಮಹಿಳಾ ಸಂಘಟನೆಗಳು 1979ರಲ್ಲಿ ಸಹಿ ಸಂಗ್ರಹಿಸಿ ಮಸೂದೆ ಕೊಟ್ಟವು. ಸಂಸತ್ತು ಒಪ್ಪಿದ್ದು 1996ರಲ್ಲಿ. 17 ವರ್ಷ ಬೇಕಾಯಿತು, 'ನೈತಿಕತೆ' ಎಂಬ ಪದ ಹೊಡೆದು 'ವ್ಯಕ್ತಿ' ಎಂದು ಬರೆಯಲು.

ಅದಾದ ಮೂರೇ ವರ್ಷಕ್ಕೆ, 1999ರ ಫೆಬ್ರವರಿಯಲ್ಲಿ, ಅತ್ಯುನ್ನತ ನ್ಯಾಯಾಲಯ ಒಬ್ಬ ಡ್ರೈವಿಂಗ್ ಶಿಕ್ಷಕನಿಗೆ ಆಗಿದ್ದ ಶಿಕ್ಷೆಯನ್ನು ತಳ್ಳಿಹಾಕಿತು. ಹುಡುಗಿ ಬಿಗಿ ಜೀನ್ಸ್ ತೊಟ್ಟಿದ್ದಳು, ಅವಳೇ ಸಹಕರಿಸದೆ ಅದನ್ನು ಕಳಚಲು ಬರುವುದಿಲ್ಲ ಎಂಬುದು ಒಂದು ಕಾರಣ. ಕೂಡಲೇ ಸಂಸದೆಯರು ಜೀನ್ಸ್ ತೊಟ್ಟು ಸಂಸತ್ತಿಗೆ ಬಂದರು, ಎಡ ಬಲ ಎನ್ನದೆ. ಅದೇ ನ್ಯಾಯಾಲಯ 2008ರಲ್ಲಿ ಆ ವಾದವನ್ನು ಕೈಬಿಟ್ಟಿತು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹುಟ್ಟಿಕೊಂಡ 'ಡೆನಿಮ್ ದಿನ' ಈ ತೀರ್ಪಿನ ನೆನಪಿಗೇ.

ಮದುವೆಯೊಳಗಿನ ಅತ್ಯಾಚಾರ?

ಅಪರಾಧ. 1976ರಲ್ಲೇ ಅತ್ಯುನ್ನತ ನ್ಯಾಯಾಲಯ ಹಾಗೆಂದು ಹೇಳಿತು. ಈ ಒಂದು ವಿಷಯದಲ್ಲಿ ಇಟಲಿ ನಮಗಿಂತ ಬಹಳ ಮುಂದಿದೆ. ನಮ್ಮ ಹೊಸ ನ್ಯಾಯ ಸಂಹಿತೆಯೂ ಹೆಂಡತಿಗೆ 18 ತುಂಬಿದ್ದರೆ ಗಂಡನಿಗೆ ವಿನಾಯಿತಿ ಕೊಟ್ಟಿದೆ.

ನೌಕರಿಯಲ್ಲಿ ಪರಿಸ್ಥಿತಿ ಹೇಗಿದೆ?

ಇಲ್ಲಿ ನಾನು ಅಷ್ಟು ಉತ್ಸಾಹದಿಂದ ಮಾತಾಡಲಾರೆ. ಮದುವೆಯಾದಳೆಂದು ಕೆಲಸದಿಂದ ತೆಗೆಯುವುದನ್ನು 1963ರಲ್ಲಿ ನಿಷೇಧಿಸಿದರು. ಸಮಾನ ವೇತನದ ಕಾನೂನು 1977ರಲ್ಲಿ ಬಂತು. ಅದನ್ನು ತಂದವರು ತೀನಾ ಆನ್ಸೆಲ್ಮಿ, 17ರ ಹರೆಯದಲ್ಲಿ ಪ್ರತಿರೋಧ ಪಡೆ ಸೇರಿದವರು, 1976ರಲ್ಲಿ ಇಟಲಿಯ ಮೊದಲ ಮಹಿಳಾ ಮಂತ್ರಿಯಾದವರು. ಕಾನೂನಿಗೆ ಕೊರತೆಯಿಲ್ಲ. ಆದರೆ ಮಾಲೀಕರು ದಾರಿ ಹುಡುಕಿಕೊಂಡರು.

ಅದರಲ್ಲೊಂದು 'ಖಾಲಿ ರಾಜೀನಾಮೆ'. ಕೆಲಸಕ್ಕೆ ಸೇರುವ ದಿನ ಹುಡುಗಿಯ ಮುಂದೆ ಎರಡು ಕಾಗದ ಇಡುತ್ತಾರೆ. ಒಂದು ನೇಮಕಾತಿ ಪತ್ರ. ಇನ್ನೊಂದು ರಾಜೀನಾಮೆ, ತಾರೀಖಿನ ಜಾಗ ಖಾಲಿ. ಎರಡಕ್ಕೂ ಸಹಿ ಹಾಕಬೇಕು. ಎರಡನೆಯದು ಮಾಲೀಕರ ಮೇಜಿನ ಖಾನೆ ಸೇರುತ್ತದೆ. ಮೂರು ವರ್ಷ ಬಿಟ್ಟು ಆಕೆ ಬಸುರಿ ಎಂದು ಗೊತ್ತಾದ ದಿನ ಖಾನೆ ತೆರೆಯುತ್ತದೆ, ತಾರೀಖು ಬೀಳುತ್ತದೆ. ಇದನ್ನು ತಡೆಯಲು 2007ರಲ್ಲಿ ಕಾನೂನು ತಂದರು, 2008ರಲ್ಲಿ ಬಂದ ಸರ್ಕಾರ ತೆಗೆದುಹಾಕಿತು, 2012ರಲ್ಲಿ ಬೇರೆ ರೂಪದಲ್ಲಿ ಮತ್ತೆ ಬಂತು. 2016ರ ಮಾರ್ಚಿನಿಂದ ರಾಜೀನಾಮೆಯನ್ನು ಆನ್‌ಲೈನ್‌ನಲ್ಲೇ ಕೊಡಬೇಕು, ತಾರೀಖನ್ನು ಕಂಪ್ಯೂಟರು ಹಾಕುತ್ತದೆ.

ದೊಡ್ಡ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಮೀಸಲಾತಿ ಚೆನ್ನಾಗಿ ಕೆಲಸ ಮಾಡಿತು. 2011ರಲ್ಲಿ ನೂರಕ್ಕೆ ಏಳರಷ್ಟಿದ್ದ ಹೆಂಗಸರು ಈಗ ನಲವತ್ತು ದಾಟಿದ್ದಾರೆ. ಆದರೆ ಮೇಲಂತಸ್ತಿನ ಕಥೆ ಅದು. ದುಡಿಯುವ ವಯಸ್ಸಿನ ಹೆಂಗಸರಲ್ಲಿ ಕೆಲಸದಲ್ಲಿರುವವರು ನೂರಕ್ಕೆ 53ರ ಆಸುಪಾಸು. ಯುರೋಪ್ ಒಕ್ಕೂಟದ ಸರಾಸರಿ 66ರ ಸುತ್ತ, ಇಡೀ ಒಕ್ಕೂಟದಲ್ಲಿ ಇಟಲಿಯೇ ಕೆಳಗೆ. ದಕ್ಷಿಣದಲ್ಲಿ ಇನ್ನೂ ಕಡಿಮೆ. ಶಿಶುವಿಹಾರಗಳು ಸಾಲವು, ಅಜ್ಜಿಯಂದಿರ ಮೇಲೆ ಭಾರ. ತಾಯಿಗೆ ಐದು ತಿಂಗಳ ಕಡ್ಡಾಯ ರಜೆ, ತಂದೆಗೆ ಹತ್ತು ದಿನ. 2012ರ ಕಾನೂನಿನಲ್ಲಿ ತಂದೆಗಿದ್ದದ್ದು ಒಂದೇ ಒಂದು ದಿನ, ಹೆರಿಗೆ ವಾರ್ಡಿಗೆ ಹೋಗಿ ಬರುವಷ್ಟು.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ನಂಟಿದೆಯೇ?

1999ರಲ್ಲಿ ಬಳ್ಳಾರಿಯಿಂದ ಗೆದ್ದ ಸೋನಿಯಾ ಗಾಂಧಿ ಹುಟ್ಟಿದ್ದು ಇಟಲಿಯ ವೆನೆತೊ ಸೀಮೆಯಲ್ಲಿ, 1946ರ ಡಿಸೆಂಬರಿನಲ್ಲಿ. ಅವರ ತಾಯಿಯ ತಲೆಮಾರಿನವರು ಮೊದಲ ಮತ ಹಾಕಿದ ವರ್ಷವದು. ಇನ್ನೊಂದು ನಂಟು ನಮ್ಮ ಓಣಿಗಳಲ್ಲೇ ಇದೆ. ಹಾಲಿನ ಬೂತಿನ ಪಕ್ಕದ 'ಮಾಂಟೆಸ್ಸರಿ' ಬೋರ್ಡಿನಲ್ಲಿರುವ ಹೆಸರು ಇಟಲಿಯ ವೈದ್ಯೆಯದು. ಮರಿಯಾ ಮಾಂಟೆಸ್ಸರಿ 1896ರಲ್ಲಿ ರೋಮಿನಲ್ಲಿ ವೈದ್ಯ ಪದವಿ ಪಡೆದು, ಅದೇ ವರ್ಷ ಬರ್ಲಿನ್ನಿನ ಮಹಿಳಾ ಸಮ್ಮೇಳನದಲ್ಲಿ ಸಮಾನ ಕೂಲಿಯ ಪರ ಮಾತಾಡಿದರು. ಮದುವೆಯಿಲ್ಲದೆ ಹುಟ್ಟಿದ ಮಗನನ್ನು ಸಮಾಜಕ್ಕೆ ಹೆದರಿ ಹಳ್ಳಿಯಲ್ಲಿ ಬೆಳೆಸಬೇಕಾಯಿತು. ಮಕ್ಕಳ ಲೋಕಕ್ಕೇ ಹೊಸ ದಾರಿ ತೋರಿಸಿದವರಿಗೆ ಸ್ವಂತ ಮಗುವನ್ನು ಮಡಿಲಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಆ ಮಗನ ಜೊತೆಗೇ 1939ರಲ್ಲಿ ಭಾರತಕ್ಕೆ ಬಂದು, ಯುದ್ಧದಿಂದಾಗಿ ಮದ್ರಾಸಿನ ಅಡಯಾರು, ಕೊಡೈಕೆನಾಲುಗಳಲ್ಲಿ ವರ್ಷಗಟ್ಟಲೆ ಉಳಿದು ನೂರಾರು ಶಿಕ್ಷಕರಿಗೆ ಕಲಿಸಿದರು.

ಹೆಣ್ಣುಮಕ್ಕಳ ಹತ್ಯೆಗೆ ಬೇರೆ ಕಾನೂನು ಬಂದಿದೆಯೇ?

ಬಂದಿದೆ. 2023ರ ನವೆಂಬರಿನಲ್ಲಿ ಪಾದುವಾದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ, ಇನ್ನೇನು ಪದವಿ ಪಡೆಯಲಿದ್ದ 22ರ ಹುಡುಗಿಯನ್ನು ಅವಳ ಹಿಂದಿನ ಗೆಳೆಯ ಕೊಂದ. ಮೌನ ಆಚರಿಸುವ ಬದಲು ಲಕ್ಷಾಂತರ ಜನ ಬೀದಿಗಿಳಿದು ಬೀಗದ ಕೈ ಗೊಂಚಲು ಕುಲುಕಿ ಸದ್ದು ಮಾಡಿದರು. 2025ರ ನವೆಂಬರ್ 25ರಂದು ಸಂಸತ್ತು ಸ್ತ್ರೀಹತ್ಯೆಯನ್ನು ಪ್ರತ್ಯೇಕ ಅಪರಾಧವೆಂದು ಬರೆದು ಜೀವಾವಧಿ ಶಿಕ್ಷೆ ನಿಗದಿಪಡಿಸಿತು. ಹೆಣ್ಣನ್ನು ಕೊಂದವನಿಗೆ ಮೂರು ವರ್ಷ ಸಾಕು ಎಂದಿದ್ದ ಅದೇ ದಂಡಸಂಹಿತೆಯ ಪುಟಗಳಲ್ಲಿ ಈ ಹೊಸ ಕಲಮು ಕೂತಿದೆ.

ಈಗ ಪ್ರಧಾನಿಯೇ ಹೆಣ್ಣು. ಇನ್ನೇನು ಬೇಕು?

ಜೋರ್ಜಾ ಮೆಲೋನಿ 2022ರ ಅಕ್ಟೋಬರ್ 22ರಂದು ಪ್ರಮಾಣ ವಚನ ಸ್ವೀಕರಿಸಿದರು. ಅದೇ ಸರ್ಕಾರದ 24 ಮಂತ್ರಿಗಳಲ್ಲಿ ಹೆಂಗಸರು ಆರು. ಅದೇ ವರ್ಷ ಚುನಾಯಿತವಾದ ಸಂಸತ್ತಿನಲ್ಲಿ ಸಂಸದೆಯರ ಪಾಲು ಹಿಂದಿನದಕ್ಕಿಂತ ತುಸು ಇಳಿದಿತ್ತು.

ಕುತೂಹಲದ ವಿಷಯ ಅವರು ಯಾವ ಪದದಿಂದ ಕರೆಸಿಕೊಳ್ಳುತ್ತಾರೆ ಎಂಬುದು. ಇಟಾಲಿಯನ್‌ನಲ್ಲಿ ಪ್ರತಿ ನಾಮಪದಕ್ಕೂ ಲಿಂಗವಿದೆ. ಪ್ರಧಾನಿಯನ್ನು ಅಲ್ಲಿ 'ಮಂತ್ರಿಮಂಡಲದ ಅಧ್ಯಕ್ಷ' ಎನ್ನುತ್ತಾರೆ. ಅಧ್ಯಕ್ಷ ಎಂಬ ಆ ಪದಕ್ಕೆ ಮೊದಲು 'ಇಲ್' ಬಂದರೆ ಪುಲ್ಲಿಂಗ, 'ಲಾ' ಬಂದರೆ ಸ್ತ್ರೀಲಿಂಗ. 2013ರಿಂದ 2018ರವರೆಗೆ ಕೆಳಮನೆಯ ಅಧ್ಯಕ್ಷೆಯಾಗಿದ್ದ ಲಾವುರಾ ಬೊಲ್ದ್ರೀನಿ ತಮ್ಮನ್ನು 'ಲಾ' ಎಂದೇ ಕರೆಯಬೇಕೆಂದು ಪಟ್ಟು ಹಿಡಿದು ಸಾಕಷ್ಟು ಗೇಲಿಗೆ ಗುರಿಯಾದರು. ಮೆಲೋನಿ ಕಚೇರಿ 'ಇಲ್' ಬಳಸಿತು. ನಾವು ಲೇಖಕಿ, ವಕೀಲೆ, ಅಧ್ಯಕ್ಷೆ ಎಂದು ಬರೆಯುತ್ತಲೇ 'ಸಭಾಪತಿ', 'ರಾಷ್ಟ್ರಪತಿ' ಬಂದಾಗ ತಡವರಿಸುವ ಹಾಗೆ ಅವರಿಗೂ ಕೆಲವು ಪದಗಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಶಿಕ್ಷಕಿ, ಕೆಲಸದಾಕೆ ಎನ್ನಲು ಯಾರಿಗೂ ತೊಂದರೆಯಿಲ್ಲ. ಮೇಯರ್, ಮಂತ್ರಿ, ವಕೀಲ ಎಂಬವುಗಳ ಸ್ತ್ರೀರೂಪ ಬಂದಾಗ ಮಾತ್ರ ವ್ಯಾಕರಣ ನೆನಪಾಗುತ್ತದೆ. 2024ರ ಜುಲೈನಲ್ಲಿ ಆಡಳಿತ ಮೈತ್ರಿಯ ಒಬ್ಬ ಸೆನೆಟರು ಸರ್ಕಾರಿ ಕಾಗದಗಳಲ್ಲಿ ಇಂಥ ಸ್ತ್ರೀರೂಪ ಬಳಸಿದರೆ 5 ಸಾವಿರ ಯೂರೋ ತನಕ ದಂಡ ಹಾಕುವ ಮಸೂದೆ ಸಿದ್ಧಪಡಿಸಿದರು. ಊರೆಲ್ಲ ನಕ್ಕಿತು, ಅವರ ಪಕ್ಷವೇ ಕೈ ತೊಳೆದುಕೊಂಡಿತು. ಮಸೂದೆಯನ್ನು ಹಿಂದಕ್ಕೆ ಪಡೆದರು.